ಇಬ್ಬರೂ ಒಪ್ಪಿಬಿಟ್ಟರೆ ಸಂಡಿಗೆಗೆ ಜಾಗವಿಲ್ಲ

ರಾಜಕೀಯ ಪಕ್ಷಗಳು ನಿಲುವು ಬದಲಾಯಿಸುವುದು ಯಾಕೆ, ಬದಲಾಯಿಸದೆ ಇರುವುದು ಯಾಕೆ ಅಂತ ಟೀವಿಯಲ್ಲಿ ಕೋಟು ಹಾಕಿಕೊಂಡವರು ಗಂಟೆಗಟ್ಟಲೆ ಕಿರುಚಾಡುವಾಗ ನಾನು ಸೌಂಡ್ ಆಫ್ ಮಾಡಿ ಬರೀ ಬಾಯಿಗಳನ್ನು ನೋಡುತ್ತೇನೆ. ಫ್ರಾಂಕ್ಲಿ, ಇದಕ್ಕೆ ಉತ್ತರ ನನಗೆ ಹದಿನಾರನೆಯ ವಯಸ್ಸಿನಲ್ಲೇ ಸಿಕ್ಕಿತ್ತು. ಬಾಂಬೆಯ ಸಯನ್‌ನಲ್ಲಿ, ಬಿಸಿಲಲ್ಲಿ ಕೂತು ಸಂಡಿಗೆ ಕಾಯುತ್ತಿದ್ದಾಗ. ಕಲಿಸಿದವರು ನಮ್ಮ ಸೋದರತ್ತೆ.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಮೈಸೂರಿನಿಂದ ಒಂದು ಟ್ರಂಕು, ಒಂದು ಹಿತ್ತಾಳೆಯ ಸಂಡಿಗೆ ಒರಳು ಹಿಡಿದು ನಮ್ಮ ಮನೆಗೆ ಬಂದವರು. ತಮ್ಮನ ಮನೆಯಲ್ಲಿ ಕೂತು ತಿನ್ನುವವಳು ಅನ್ನಿಸಿಕೊಳ್ಳಬಾರದು ಅನ್ನುವುದು ಅವರಿಗೆ ಒಂದು ಹಟ. ಹಾಗಂತ ಯಾರೂ ಅಂದಿರಲಿಲ್ಲ. ಯಾರಾದರೂ ಅಂದ ಮೇಲೆ ಕೇಳಿಸಿಕೊಳ್ಳುವುದಕ್ಕಿಂತ ಅನ್ನುವ ಮೊದಲೇ ಉತ್ತರ ಕೊಟ್ಟಿರುವುದು ವಾಸಿ ಅನ್ನುವ ಜಾತಿ ಅವರದು. ಬಂದ ವರ್ಷವೇ ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಮಾಟುಂಗಾದ ಒಂದು ಅಂಗಡಿಗೆ ಕೊಡಲು ಶುರುಮಾಡಿದರು. ಆಮೇಲೆ ತಮ್ಮ ಸೀರೆ ತಾವೇ ಕೊಂಡರು. ನನ್ನ ಕಾನ್ವೆಂಟಿನ ಶೂ ಕೂಡ ಅವರೇ ಕೊಡಿಸಿದರು, ಅದನ್ನು ಆಗಾಗ ನೆನಪಿಸುತ್ತಲೂ ಇದ್ದರು.

ಸಂಡಿಗೆಗೆ ಬೇಕಾದದ್ದು ಬಿಸಿಲು. ಬಾಂಬೆಯಲ್ಲಿ ಬಿಸಿಲು ಎಷ್ಟು ಬೇಕಾದರೂ ಇದೆ, ಅದು ಬಂದು ಕೂರಲು ಜಾಗ ಇಲ್ಲ. ನಮ್ಮ ಬಿಲ್ಡಿಂಗಿನ ಸೂರು ಇಳಿಜಾರು ಹೆಂಚಿನದು. ನಮ್ಮ ಫಸ್ಟ್ ಫ್ಲೋರಿನ ಬಾಲ್ಕನಿಗೆ ಬೆಳಗಿನ ಬಿಸಿಲು ಸುಮ್ಮನೆ ಮುಖ ತೋರಿಸಿ ಹೋಗುತ್ತಿತ್ತು. ಆದರೆ ಬಿಲ್ಡಿಂಗಿನ ಪಕ್ಕಕ್ಕೆ ಮುನಿಸಿಪಾಲಿಟಿಯದೊಂದು ಖಾಲಿ ಪ್ಲಾಟ್ ಇತ್ತು. ಒಳ್ಳೆ ಗಟ್ಟಿ ನೆಲ, ಸುತ್ತ ಒಂದು ಮರವಿಲ್ಲ. ಅತ್ತೆ ಅಲ್ಲಿ ಅಪ್ಪನ ಹಳೆಯ ಪಂಚೆಗಳನ್ನು ಒದ್ದೆಮಾಡಿ ಹಾಸಿ, ಸಾಲಾಗಿ ಸಂಡಿಗೆ ಇಟ್ಟು, ಮೂಲೆಗೊಂದು ಕಪ್ಪು ಕೊಡೆ ಬಿಚ್ಚಿಟ್ಟು ಕಾಗೆ ಹೆದರಿಸುತ್ತಿದ್ದರು. ರಜೆಯಲ್ಲಿ ಕೊಡೆಯ ಪಕ್ಕ ಇಂಗ್ಲಿಷ್ ನಾವೆಲ್ ಹಿಡಿದು ಕೂರುವುದು ನನ್ನ ಡ್ಯೂಟಿ.

ಆ ಪ್ಲಾಟು ಖಾಲಿ ಉಳಿದದ್ದಕ್ಕೆ ಕಾರಣ ಎರಡು ಪಕ್ಷಗಳು. ಪಕ್ಷಗಳ ಹೆಸರು ಈಗ ಯಾಕೆ? ಅತ್ತೆಯಂತೂ ಒಂದನ್ನು ಗ್ರೌಂಡ್ ಫ್ಲೋರ್ ಪಕ್ಷ, ಇನ್ನೊಂದನ್ನು ಥರ್ಡ್ ಫ್ಲೋರ್ ಪಕ್ಷ ಅಂತಲೇ ಕರೆಯುತ್ತಿದ್ದರು. ಗ್ರೌಂಡ್ ಫ್ಲೋರಿನಲ್ಲಿ ರಿಟೈರಾದ ಒಬ್ಬ ಮರಾಠಿ ಹೆಡ್‌ಮಾಸ್ತರರು. ಥರ್ಡ್ ಫ್ಲೋರಿನಲ್ಲಿ ಗ್ರಾಂಟ್ ರೋಡಿನಲ್ಲಿ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯ ಮಾಲೀಕರು. ಇಬ್ಬರೂ ನಮ್ಮ ವಾರ್ಡಿನಲ್ಲಿ ತಂತಮ್ಮ ಪಕ್ಷದ ಮುಂದಾಳುಗಳು, ಮುಂದಿನ ಮುನಿಸಿಪಲ್ ಎಲೆಕ್ಷನ್ನಿಗೆ ಕ್ಯಾಂಡಿಡೇಟುಗಳು. ಮಾಸ್ತರರು ಪ್ಲಾಟಿನಲ್ಲಿ ಮಕ್ಕಳಿಗೆ ಮೈದಾನ ಆಗಬೇಕು ಅಂತ. ಮಾಲೀಕರು ತರಕಾರಿ ಮಾರ್ಕೆಟ್ ಆಗಬೇಕು ಅಂತ. ಮುನಿಸಿಪಾಲಿಟಿಯಲ್ಲಿ ಒಬ್ಬರು ಫೈಲು ಮುಂದೆ ತಳ್ಳಿದರೆ ಇನ್ನೊಬ್ಬರು ಹಿಂದಕ್ಕೆ ಎಳೆಯುತ್ತಿದ್ದರು. ಫೈಲು ಅಲ್ಲೇ ಇತ್ತು, ಸಂಡಿಗೆ ಇಲ್ಲಿ ಒಣಗುತ್ತಿತ್ತು.

ಅಪ್ಪನಿಗೆ ಇಬ್ಬರ ಮೇಲೂ ಗೌರವ. ಇನ್ಶೂರೆನ್ಸ್ ಆಫೀಸಿನ ಗುಮಾಸ್ತರು, ಇಂಗ್ಲಿಷ್ ಪೇಪರನ್ನು ಇಸ್ತ್ರಿ ಮಾಡಿದಂತೆ ಮಡಿಸಿ ಓದುವವರು.

“ನೋಡಕ್ಕ, ವರ್ಷಗಳಿಂದ ಇಬ್ಬರೂ ತಮ್ಮ ಮಾತಿಗೆ ನಿಂತಿದ್ದಾರೆ. ಇದಕ್ಕೆ ಪ್ರಿನ್ಸಿಪಲ್ ಅಂತಾರೆ.”

“ಪ್ರಿನ್ಸಿಪಲ್ಲೂ ಇಲ್ಲ, ವೈಸ್ ಪ್ರಿನ್ಸಿಪಲ್ಲೂ ಇಲ್ಲ ಕಣೋ. ಇವರು ಬಿಟ್ಟರೆ ಅವರು ಗೆದ್ದ ಹಾಗೆ, ಅವರು ಬಿಟ್ಟರೆ ಇವರು ಗೆದ್ದ ಹಾಗೆ. ಅದಕ್ಕೇ ಹಿಡಿದುಕೊಂಡಿದ್ದಾರೆ.”

“ಹಾಗಾದ್ರೆ ಫಾಸ್ಟ್ ಲೋಕಲ್ ವಿಷಯ? ಅದರಲ್ಲಿ ಇಬ್ಬರೂ ಒಂದೇ ಅಭಿಪ್ರಾಯ.”

ಕುರ್ಲಾದಲ್ಲಿ ನಿಲ್ಲುವ ಫಾಸ್ಟ್ ಟ್ರೇನು ಸಯನ್‌ನಲ್ಲೂ ನಿಲ್ಲಬೇಕು ಅಂತ ಎರಡೂ ಪಕ್ಷದವರು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು.

“ಟ್ರೇನು ನಿಲ್ಲಿಸೋದು ಇವರ ಕೈಲಿದೆಯಾ?” ಅಂದರು ಅತ್ತೆ. “ಇಲ್ಲ ತಾನೇ? ಆಗದೇ ಇರೋದನ್ನ ಎಷ್ಟು ವರ್ಷ ಬೇಕಾದ್ರೂ ಕೇಳಬಹುದು. ಅದನ್ನ ಯಾಕೆ ಬದಲಾಯಿಸ್ತಾರೆ?”

ಅಪ್ಪ ಪೇಪರಿನ ಹಿಂದೆ ಹೋದರು.

ದೀಪಾವಳಿ ಕಳೆದು ಸಂಡಿಗೆಯ ಕಾಲ ಶುರುವಾಗುತ್ತಿದ್ದಂತೆ ಕಷ್ಟ ಬಂತು. ಮಾಸ್ತರರು ಮನೆಮನೆಗೆ ಹೋಗಿ ಹೆಂಗಸರನ್ನು ಮಾತಾಡಿಸಿದರಂತೆ. ತರಕಾರಿಗೆ ದಿನಾ ಮಾಟುಂಗಾದವರೆಗೆ ನಡೆಯಬೇಕು, ಮೈದಾನ ಕಟ್ಟಿಕೊಂಡು ನಮಗೇನು ಅಂದರಂತೆ ಎಲ್ಲರೂ. ಮಾರನೇ ವಾರ ಗ್ರೌಂಡ್ ಫ್ಲೋರ್ ಪಕ್ಷದ ಬೋರ್ಡಿನಲ್ಲಿ ಮೈದಾನ ಅಳಿಸಿ ಮಾರ್ಕೆಟ್ ಅಂತ ಬರೆಯಲಾಯಿತು. ಬಣ್ಣ ಇನ್ನೂ ಹಸಿಯಿತ್ತು. ಅತ್ತೆ ನನ್ನಿಂದ ಅದನ್ನು ಓದಿಸಿ, ಇನ್ನೊಂದು ಸಲ ಓದಿಸಿ, ಸೆರಗು ಬಿಗಿದುಕೊಂಡರು.

“ಇಬ್ಬರೂ ಒಪ್ಪಿಬಿಟ್ಟರೆ ಮುಗೀತು ಕಣೇ. ನಾಳೆನೇ ಶೆಡ್ಡು ಏಳತ್ತೆ. ನಡಿ ಮೇಲಕ್ಕೆ.”

ಥರ್ಡ್ ಫ್ಲೋರಿನ ಮಾಲೀಕರು ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅತ್ತೆ ಒಂದು ಡಬ್ಬಿ ಬಾಳಕ ಮುಂದಿಟ್ಟರು.

“ಏನ್ರೀ, ನಿಮ್ಮ ಮಾತನ್ನ ಕೆಳಗಿನವರು ಎತ್ತಿಕೊಂಡು ಹೋದರಂತಲ್ಲ?”

“ಹೌದು ಮಾರಾಯ್ರೆ. ಒಳ್ಳೇದೇ ಆಯ್ತಲ್ಲ? ಇನ್ನು ಮಾರ್ಕೆಟ್ ಬೇಗ ಆಗ್ತದೆ.”

“ಬೇಗ ಆಗತ್ತೆ. ಯಾರ ಮಾರ್ಕೆಟ್ ಆಗತ್ತೆ?”

ಮಾಲೀಕರ ಕಪ್ಪು ಗಾಳಿಯಲ್ಲೇ ನಿಂತಿತು.

“ಅಂದ್ರೆ ಎಂತದು?”

“ನೀವು ಇಷ್ಟು ವರ್ಷ ಹೇಳಿದ್ರಿ, ಆಗಲಿಲ್ಲ. ಅವರು ಒಂದು ವಾರ ಹೇಳ್ತಾರೆ, ಆಗತ್ತೆ. ಬದನೇಕಾಯಿ ತಗೊಳ್ಳೋ ಪ್ರತಿ ಹೆಂಗಸೂ ಮಾಸ್ತರರನ್ನ ನೆನೆಸಿಕೊಳ್ತಾಳೆ. ನನಗೇನು, ಯಾರದಾದ್ರೂ ಆಗಲಿ. ನೆರೆಯವರು ಅಂತ ಹೇಳಿದೆ.”

“ಅದು ಹೌದಲ್ಲ!” ಅಂದರು ಮಾಲೀಕರು. ಆಮೇಲೆ ಒಳಗಿದ್ದ ಹೆಂಡತಿಗೆ, “ಕೇಳಿತಾ? ಮಾಸ್ತ್ರು ನನ್ನ ಮಾರ್ಕೆಟ್ ಹೊಡೆದ್ರು!”

ವಾರದೊಳಗೆ ಥರ್ಡ್ ಫ್ಲೋರ್ ಪಕ್ಷ ಮೈದಾನದ ಪಕ್ಷವಾಯಿತು. ಮಕ್ಕಳ ಆರೋಗ್ಯ, ರಾಷ್ಟ್ರದ ಭವಿಷ್ಯ, ಮಾರ್ಕೆಟ್ಟಿನ ನೊಣ, ಕೊಳೆತ ಟೊಮೇಟೊ. ಇದೆಲ್ಲ ಅವರಿಗೆ ಎಲ್ಲಿಂದ ಹೊಳೆಯಿತು ಅಂತ ಅಪ್ಪ ಆಶ್ಚರ್ಯಪಟ್ಟರು. ಹೊಳೆದದ್ದು ನನಗೆ. ಕಾನ್ವೆಂಟಿನಲ್ಲಿ ನಾನು ಡಿಬೇಟಿಂಗ್ ಟೀಮಿನಲ್ಲಿದ್ದೆ. ಅಲ್ಲಿ ಸಿಸ್ಟರ್ ಬ್ರಿಟಿಷರ ಕಾಲದ ಒಂದು ನಾಣ್ಯ ಚಿಮ್ಮುತ್ತಿದ್ದರು. ರಾಜನ ತಲೆ ಬಿದ್ದರೆ ಫಾರ್, ಇಲ್ಲದಿದ್ದರೆ ಎಗೇನ್‌ಸ್ಟ್. “ಕನ್ವಿಕ್ಷನ್, ಗರ್ಲ್ಸ್, ಕನ್ವಿಕ್ಷನ್!” ಅಂತ ಮೇಜು ತಟ್ಟುತ್ತಿದ್ದರು. ಕನ್ವಿಕ್ಷನ್ ನಾಣ್ಯ ಬಿದ್ದ ಮೇಲೆ ಬರುವಂಥದ್ದು ಅಂತ ನಾನು ಬಹಳ ಚಿಕ್ಕವಳಿದ್ದಾಗಲೇ ಕಲಿತಿದ್ದೆ. ಹಾಗಾಗಿ ಮಾಲೀಕರಿಗೆ ಮೈದಾನದ ಪರವಾಗಿ ಕನ್ನಡದಲ್ಲಿ ಭಾಷಣ ಬರೆದುಕೊಟ್ಟೆ. ಅದೇ ಭಾನುವಾರ ಮಾಸ್ತರರು ಕೇಳಿದಾಗ ಮಾರ್ಕೆಟ್ಟಿನ ಪರವಾಗಿ ಇಂಗ್ಲಿಷಿನಲ್ಲಿ ಒಂದು ಅಪೀಲು ಬರೆದುಕೊಟ್ಟೆ. ಎರಡರಲ್ಲೂ ‘ನಮ್ಮ ಅಚಲ ನಿಲುವು’ ಅನ್ನುವ ಮಾತಿತ್ತು. ಹೇಳಿಕೊಳ್ಳಬಾರದು, ಆದರೂ ಎರಡೂ ಚೆನ್ನಾಗಿದ್ದವು.

ಜನ ಏನಂದರು? ಏನೂ ಅನ್ನಲಿಲ್ಲ. ಮಾಸ್ತರರ ಕಡೆಯವರು ತಾವು ಮೊದಲಿನಿಂದಲೂ ಮಾರ್ಕೆಟ್ಟಿನ ಕಡೆಯೇ ಅಂದುಕೊಂಡರು. ಮಾಲೀಕರ ಕಡೆಯವರು ಹುಟ್ಟುತ್ತಲೇ ಮೈದಾನದಲ್ಲಿ ಓಡಿದವರ ಹಾಗೆ ಮಾತಾಡಿದರು. ಫೈಲು ಹೊಸ ಜಗಳ ಹೊತ್ತುಕೊಂಡು ಮತ್ತೆ ಕೂತಿತು. ಅತ್ತೆ ಬೂದುಗುಂಬಳಕಾಯಿ ತುರಿದು ಸಂಡಿಗೆಗೆ ಅರಳು ಕಲಸಿದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸಂಕ್ರಾಂತಿ ಬಂತು.

ಅಮ್ಮ ಪ್ರತಿ ವರ್ಷ ಬಿಲ್ಡಿಂಗಿನ ಮುತ್ತೈದೆಯರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದಳು. ರಾಜಕೀಯದ ಗೋಜೇ ಇಲ್ಲದ ಪಾಪದ ಜೀವ. ಮಾಸ್ತರರ ಹೆಂಡತಿಯನ್ನೂ ಮಾಲೀಕರ ಹೆಂಡತಿಯನ್ನೂ ದೀಪ ಹಚ್ಚುವ ಹೊತ್ತಿಗೇ ಬರಹೇಳಿದ್ದಳು. ಬೋರ್ಡು ಬದಲಾದ ದಿನದಿಂದ ಅವರಿಬ್ಬರಿಗೆ ಮಾತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುತ್ತಿದ್ದರು, ಒಬ್ಬರು ಚಪ್ಪಲಿ ನೋಡುತ್ತಿದ್ದರು. ಇಬ್ಬರೂ ಒಂದೇ ಜಮಖಾನದ ಮೇಲೆ ಕೂತರು. ಅಮ್ಮ ಎಳ್ಳು, ಸಕ್ಕರೆ ಅಚ್ಚು ಕೊಟ್ಟಳು, ಮಾಸ್ತರರ ಹೆಂಡತಿ ಎಲ್ಲರಿಗೂ ತಿಳ್‌ಗೂಳ್, ಅಂದರೆ ಎಳ್ಳುಬೆಲ್ಲದ ಉಂಡೆ, ಹಂಚಿದರು. ಎಳ್ಳು ಬಾಯಿಗೆ ಹಾಕಿಕೊಂಡ ಮೇಲೆ ಒಳ್ಳೆಯ ಮಾತನ್ನೇ ಆಡಬೇಕು ಅನ್ನುವುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಆ ದಿನ ಜಗಳಕ್ಕೆ ಪೂರ್ತಿ ಹಾಲಿಡೇ.

ಅತ್ತೆ ಅಡಿಗೆಮನೆಯಲ್ಲಿದ್ದರು. ಅರಿಶಿನ ಕುಂಕುಮದ ಹೊತ್ತಿಗೆ ಅವರು ಹಾಲಿಗೆ ಬರುತ್ತಿರಲಿಲ್ಲ. ಬರಬೇಡಿ ಅಂತ ಹೇಳುವವರು ಯಾರೂ ಇರಲಿಲ್ಲ, ಆದರೂ ಬರುತ್ತಿರಲಿಲ್ಲ. ಇಡೀ ವಾರ್ಡನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಹೆಂಗಸು ಬಾಗಿಲ ಸಂದಿಯಿಂದ ಎರಡು ರೇಷ್ಮೆ ಸೀರೆಗಳನ್ನು ನೋಡುತ್ತಾ ನಿಂತಿದ್ದರು. ಸೌಟಿನಿಂದ ಪಾತ್ರೆಗೆ ಬಡಿದರು. ಅದು ನನ್ನನ್ನು ಕರೆಯುವ ರೀತಿ.

“ಏನೇ ಇದು, ಇಬ್ಬರೂ ನಗ್ತಾ ಇದ್ದಾರೆ?”

“ಸಂಕ್ರಾಂತಿ ಅಲ್ವಾ ಅತ್ತೆ.”

“ಹೋಗು, ಪ್ಲಾಟಿನ ಮಾತು ತೆಗಿ. ತಾನಾಗೇ ಹತ್ತಿಕೊಳ್ಳತ್ತೆ.”

ಹೋದೆ. ಕಾನ್ವೆಂಟಿನ ಅತ್ಯಂತ ಮುಗ್ಧ ಮುಖ ಹಾಕಿಕೊಂಡು, “ಮಾಮಿ, ಪ್ಲಾಟಿನಲ್ಲಿ ಮೈದಾನ ಆದ್ರೆ ಚೆನ್ನಾ, ಮಾರ್ಕೆಟ್ ಆದ್ರೆ ಚೆನ್ನಾ?” ಅಂತ ಹಿಂದಿಯಲ್ಲಿ ಕೇಳಿದೆ.

ಮಾಸ್ತರರ ಹೆಂಡತಿಯ ಬಾಯಲ್ಲಿ ಎಳ್ಳಿತ್ತು. ನುಂಗಿ ಹೇಳಿದರು, “ಮೈದಾನವೂ ಒಳ್ಳೇದೇ. ಮಕ್ಕಳಿಗೆ ಬೇಕಲ್ಲ?”

ಮಾಲೀಕರ ಹೆಂಡತಿ ಬಿಡುತ್ತಾರೆಯೇ? “ಇಲ್ಲ ಇಲ್ಲ, ಮಾರ್ಕೆಟ್ಟೇ ಒಳ್ಳೇದು. ನಿಮ್ಮ ಯಜಮಾನರು ಹೇಳೋದು ಸರಿ ಉಂಟು.”

“ಛೇ, ನಿಮ್ಮವರು ಹೇಳೋದೇ ಸರಿ,” ಅಂದರು ಮಾಸ್ತರರ ಹೆಂಡತಿ.

“ಇಲ್ಲಪ್ಪ, ನಿಮ್ಮವರದ್ದೇ.”

ಅಡಿಗೆಮನೆಯಲ್ಲಿ ಸೌಟು ಜೋರಾಗಿ ಬಡಿಯಿತು. ನಾನು ಅಲ್ಲಾಡಲಿಲ್ಲ, ಅಲ್ಲಾಡಿದ್ದರೂ ಪ್ರಯೋಜನವಿರಲಿಲ್ಲ. ಇಬ್ಬರೂ ತಂತಮ್ಮ ಗಂಡನ ಪಕ್ಷವನ್ನು ಇನ್ನೊಬ್ಬಳ ಮಡಿಲಿಗೆ ಹಾಕಿ ಕೂತಿದ್ದರು. ಆಗ ನನ್ನ ಸ್ವಂತ ತಾಯಿ ಕುಂಕುಮದ ಬಟ್ಟಲು ಹಿಡಿದುಕೊಂಡು, “ಮೈದಾನ ಮಾರ್ಕೆಟ್ಟು ಎರಡೂ ಬೇಡಮ್ಮ. ಹೆಂಗಸರು ಸಂಜೆ ಹೊತ್ತು ಕೂತುಕೊಳ್ಳೋಕೆ ನಾಲ್ಕು ಬೆಂಚು, ಎರಡು ಹೂವಿನ ಗಿಡ ಇದ್ರೆ ಎಷ್ಟು ಚೆಂದ!” ಅಂದಳು.

“ಅರೇ ವಾ!” ಅಂದರು ಒಬ್ಬರು. “ಇದು ಲಾಯ್ಕ್ ಉಂಟು!” ಅಂದರು ಇನ್ನೊಬ್ಬರು.

ಎಲ್ಲರೂ ಹೋದ ಮೇಲೆ ಅತ್ತೆ ಹೊರಗೆ ಬಂದು ಜಮಖಾನದ ಮೇಲೆ ಕೂತರು. ಸೌಟು ಇನ್ನೂ ಕೈಯಲ್ಲಿತ್ತು.

“ನಾನು ಇಲ್ಲಿ ಇದ್ದಿದ್ರೆ ಎಳ್ಳು ತಿನ್ನದೆ ಮಾತಾಡ್ತಿದ್ದೆ.”

“ಬಂದಿದ್ರೆ ಯಾರು ಬೇಡ ಅಂತಿದ್ರು ಅತ್ತಿಗೆ?” ಅಂದಳು ಅಮ್ಮ.

“ಯಾರೂ ಬೇಡ ಅಂತಿರಲಿಲ್ಲ,” ಅಂದರು ಅತ್ತೆ. “ಬಾ ಅಂತಾನೂ ಅಂದಿರಲಿಲ್ಲ.”

ಅಮ್ಮ ಕುಂಕುಮದ ಬಟ್ಟಲನ್ನು ಮುಚ್ಚಿ ಒಳಗೆ ಹೋದಳು.

ಗಂಡಂದಿರು ಅಚಲ ನಿಲುವು ಬಿಡಲು ಎಷ್ಟು ಹೊತ್ತು ಬೇಕಾಯಿತು ಅಂದಿರಿ? ಊಟದ ಹೊತ್ತು ಸಾಕಾಯಿತು. ಹೆಂಡತಿಯೂ ಬೇಕು ಅಂತಾಳೆ, ಎದುರಾಳಿಯ ಹೆಂಡತಿಯೂ ಬೇಕು ಅಂತಾಳೆ. ಇಬ್ಬರಲ್ಲಿ ಯಾರು ಬೇಡ ಅಂದರೂ ಬಿಲ್ಡಿಂಗಿನ ಹೆಂಗಸರ ವೋಟೆಲ್ಲ ಇನ್ನೊಬ್ಬನಿಗೆ. ಮರುದಿನ ಎರಡೂ ಬೋರ್ಡುಗಳಲ್ಲಿ ಒಂದೇ ಮಾತು, ಮಹಿಳೆಯರಿಗೆ ಉದ್ಯಾನ. ಬರೆದವನೂ ಒಬ್ಬನೇ ಪೇಂಟರ್. ವರ್ಷಗಟ್ಟಲೆ ಅಲ್ಲಾಡದ ಫೈಲು ಈಗ ಓಡಿತು. ಸಿಮೆಂಟ್ ಬೆಂಚು ಬಂತು, ಕಬ್ಬಿಣದ ಬೇಲಿ ಬಂತು, ಗೇಟು ಬಂತು. ಸಂಜೆ ಮಾತ್ರ ತೆರೆದಿರುತ್ತದೆ, ಬಟ್ಟೆಬರೆ ಒಣಹಾಕಕೂಡದು ಅಂತ ಒಂದು ಫಲಕವೂ ಬಂತು.

“ಎಷ್ಟು ಒಳ್ಳೇದಾಯ್ತು ನೋಡು. ಡೆಮಾಕ್ರಸಿ ಅಂದ್ರೆ ಇದು,” ಅಂದರು ಅಪ್ಪ.

ಬೇಲಿ ಹಾಕುವ ದಿನಗಳಲ್ಲಿ ಅತ್ತೆ ಬಾಲ್ಕನಿಯಲ್ಲೇ ಅರಳು ಸಂಡಿಗೆ ಹಾಕಿದ್ದರು. ಅರೆಬಿಸಿಲಿಗೆ ಅದು ಮುಗ್ಗಲು ಹಿಡಿಯಿತು. ಮಾಟುಂಗಾದ ಅಂಗಡಿಯವನು ಡಬ್ಬಿ ಮೂಸಿ ಹಿಂದಕ್ಕೆ ಕಳಿಸಿದ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದ. ಅತ್ತೆ ಮೈಸೂರಿನಲ್ಲಿ ತಮ್ಮ ಮೈದುನನ ಮನೆಯಲ್ಲಿ ಒಂದು ಕೋಣೆ ಇದೆ, ಅಡಿಗೆಗೂ ಅವರಿಗೆ ಜನ ಬೇಕು ಅಂತ ಮಾತು ತೆಗೆದರು. ಮೈದುನನ ಮನೆಯಲ್ಲಿ ಅವರನ್ನು ಹೇಗೆ ನಡೆಸಿಕೊಂಡಿದ್ದರು ಅಂತ ನಮಗೆಲ್ಲ ಗೊತ್ತಿತ್ತು. ಅಪ್ಪ ಪೇಪರ್ ಕೆಳಗಿಟ್ಟರು. ಅಷ್ಟು ಸೀರಿಯಸ್.

“ಅಕ್ಕ, ಹೋಗೋ ಮಾತೆಲ್ಲ ಯಾಕೆ? ಸಂಡಿಗೆ ಮಾಡದಿದ್ರೆ ಏನಂತೆ? ನಾನಿಲ್ವಾ?”

“ನೀನಿದ್ದೀಯ ಕಣೋ,” ಅಂದರು ಅತ್ತೆ. “ಅದೇ ಕಷ್ಟ.”

ಗೇಟಿಗೆ ಬೀಗ ಹಾಕಲು ಮುನಿಸಿಪಾಲಿಟಿಯವರು ಬರುತ್ತಾರೆ ಅಂತ ತಿಳಿದ ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು ನನ್ನನ್ನು ಕರೆದುಕೊಂಡು ಗ್ರೌಂಡ್ ಫ್ಲೋರಿಗೆ ಇಳಿದರು. ಅವರ ಕೈಯಲ್ಲಿ ಡಬ್ಬಿಯಿರಲಿಲ್ಲ, ಬಾಯಲ್ಲಿ ಒಂದು ಪ್ರಶ್ನೆಯಿತ್ತು. ನಾನು ಅದನ್ನು ಹಿಂದಿಗೆ ತಿರುಗಿಸಿದೆ.

“ಮಾಸ್ತರ್‌ಜಿ, ಗಾರ್ಡನ್ನಿನ ಬೀಗದಕೈ ಮೇಲಿನವರ ಹತ್ತಿರ ಇರತ್ತಾ ಅಂತ ಅತ್ತೆ ಕೇಳ್ತಿದ್ದಾರೆ.”

ಮಾಸ್ತರರ ಕನ್ನಡಕ ಮೂಗಿನ ಮೇಲೆ ಕುಣಿಯಿತು. “ಕೋಣ್ ಮ್ಹಣ್ತೋ?” ಯಾರು ಹಾಗನ್ನೋದು?

“ಯಾರೂ ಹೇಳಲಿಲ್ಲ. ಕೇಳೋಣ ಅನ್ನಿಸಿತು, ಕೇಳಿದೆವು.”

ಅಲ್ಲಿಂದ ಸೀದಾ ಥರ್ಡ್ ಫ್ಲೋರ್. ಅತ್ತೆಗೆ ಮೆಟ್ಟಿಲು ಹತ್ತಿ ಏದುಸಿರು ಬಂದಿತ್ತು. ಅದರಿಂದ ಮಾತಿಗೆ ಒಂದು ಅರ್ಜೆನ್ಸಿಯೂ ಬಂತು.

“ಕೈ… ಬೀಗದಕೈ… ಮಾಸ್ತರರ ಹತ್ತಿರಾನಾ ಇರೋದು?”

“ಎಂತ ಮಾಸ್ತ್ರು! ಬೆಂಚು ಹಾಕಿಸಿದ್ದು ಯಾರು ಮಾರಾಯ್ರೆ? ನಾನು!”

“ಹಾಗಾದ್ರೆ ಸರಿ,” ಅಂದರು ಅತ್ತೆ. “ಅವರೂ ಹಾಗೇ ಅಂದರು.”

ಮಧ್ಯಾಹ್ನ ಮುನಿಸಿಪಾಲಿಟಿಯವನು ಬೀಗ ಹಿಡಿದು ಬಂದಾಗ ಗೇಟಿನ ಹತ್ತಿರ ಇಬ್ಬರೂ ನಿಂತಿದ್ದರು. ಬೀಗದಕೈ ಗ್ರೌಂಡ್ ಫ್ಲೋರಿನಲ್ಲಿರಬೇಕು, ಗೇಟಿಗೆ ಹತ್ತಿರ. ಇಲ್ಲ, ಥರ್ಡ್ ಫ್ಲೋರಿನಲ್ಲಿರಬೇಕು, ಮೇಲಿನಿಂದ ಕಣ್ಣಿಡಬಹುದು. ಎರಡು ಕೈ ಮಾಡಿಸೋಣವೇ ಅಂದ ಆ ಬಡಪಾಯಿ. ಆಗ ಇಬ್ಬರೂ ಸೇರಿ ಅವನನ್ನೇ ಬೈದರು. ಅವನು ಬೀಗವನ್ನು ಜೇಬಿಗೆ ಹಾಕಿಕೊಂಡು, ಎಲೆಕ್ಷನ್ ಮುಗಿಯಲಿ ಅಂತ ಹೇಳಿ ಹೋದ. ಗೇಟು ಹಾರುಹೊಡೆದಿತ್ತು.

ಮಾರನೇ ಬೆಳಿಗ್ಗೆ ಅತ್ತೆ ಒದ್ದೆ ಪಂಚೆ ಹಿಡಿದು ಒಳಗೆ ನಡೆದರು. ಸಿಮೆಂಟ್ ಬೆಂಚು ನೆಲಕ್ಕಿಂತ ಬೇಗ ಕಾಯುತ್ತದೆ, ಸಂಜೆಗೆಲ್ಲ ಅಕ್ಕಿ ಸಂಡಿಗೆ ಗಲಗಲ ಅನ್ನುತ್ತದೆ ಅಂತ ಅವತ್ತು ಗೊತ್ತಾಯಿತು. ಫಲಕದಲ್ಲಿ ಬರೆದಿದ್ದದ್ದು ಬಟ್ಟೆಬರೆ ಅಂತ. ಪಂಚೆ ಬಟ್ಟೆಯಲ್ಲವೇ ಅಂತ ಕೇಳಿದೆ.

“ಪಂಚೆ ಎಲ್ಲಿ ಒಣಗಿಸ್ತಿದ್ದೀನಿ? ಅದು ಒದ್ದೆ ಇರಬೇಕು. ಸುಮ್ಮನೆ ಕೂತ್ಕೋ.”

ಎಲೆಕ್ಷನ್ ಬಂತು. ಮಾಸ್ತರರು ಗೆಲ್ಲುತ್ತಾರೆ ಅಂತ ಬಿಲ್ಡಿಂಗಿನ ಬೆಕ್ಕಿಗೂ ಗೊತ್ತಿತ್ತು. ಅಪ್ಪ ಬೆಳಿಗ್ಗೆಯೇ ಕ್ಯೂ ನಿಂತು ವೋಟು ಹಾಕಿ ಬಂದು, ಯಾರಿಗೆ ಅಂತ ಹೇಳುವುದು ಸರಿಯಲ್ಲ ಅಂತ ಒಂದು ಲೆಕ್ಚರ್ ಕೊಟ್ಟು, ಮಾಸ್ತರರಿಗೆ ಅಂತ ಹೇಳಿದರು. ಅತ್ತೆ ಮಧ್ಯಾಹ್ನ ಹೋದರು, ಇಸ್ತ್ರಿ ಸೀರೆ ಉಟ್ಟುಕೊಂಡು, ನನ್ನನ್ನು ಕಾವಲಿಗೆ ಕೂರಿಸಿ. ಫಲಿತಾಂಶ ಬಂದಾಗ ಮಾಸ್ತರರು ಗೆದ್ದಿದ್ದರು, ಆದರೆ ಕೂದಲೆಳೆಯಲ್ಲಿ. ಮಾಲೀಕರು ಸೋಲು ಒಪ್ಪದೆ ಕಂಪ್ಲೇಂಟು ಕೊಟ್ಟರು. ಬೀಗದಕೈ ವಿಷಯದಲ್ಲಂತೂ ಪ್ರಾಣ ಹೋದರೂ ಬಿಡುವುದಿಲ್ಲ ಅಂದರು. ಬಿಡಲೂ ಇಲ್ಲ. ನಾನು ಕಾಲೇಜು ಮುಗಿಸಿ, ಮದುವೆಯಾಗಿ ಬಿಲ್ಡಿಂಗು ಬಿಡುವವರೆಗೂ ಆ ಗೇಟಿಗೆ ಬೀಗ ಬೀಳಲಿಲ್ಲ, ಅತ್ತೆ ಮೈಸೂರಿನ ಮಾತೂ ಎತ್ತಲಿಲ್ಲ.

ಫಲಿತಾಂಶದ ಮರುದಿನ ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತಾ, “ನೀನು ಯಾರಿಗೆ ಹಾಕಿದೆ ಅಕ್ಕ?” ಅಂತ ಕೇಳಿದರು.

“ಮೇಲಿನವರಿಗೆ.”

“ಅವರು ಸೋಲ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತಲ್ಲ? ವೋಟು ವೇಸ್ಟ್ ಮಾಡಿದೆ.”

“ಅವರು ತೀರಾ ಮಕಾಡೆ ಬಿದ್ದುಬಿಟ್ಟಿದ್ರೆ ಜಗಳ ಆಡೋಕೆ ತ್ರಾಣ ಎಲ್ಲಿಂದ ಬರ್ತಿತ್ತೋ?” ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಏಳೇ, ಪಂಚೆಯ ಆ ತುದಿ ಹಿಡ್ಕೋ. ಬಿಸಿಲು ಬಂತು.”